ಹಳೇ ಬಾತ್‌ಟಬ್ ಕೀಳಿಸಬೇಕಾ, ರಿಪೇರಿ ಸಾಕಾ?

ಊರು ಬಿಟ್ಟು ಈ ದೇಶಕ್ಕೆ ಬಂದು ಹಳೇ ಮನೆ ಕೊಂಡಿದ್ದೀರಿ, ಟಬ್ಬು ಹಳದಿ ತಿರುಗಿದೆ, ಡ್ರೈನ್ ಹತ್ತಿರ ಚಕ್ಕೆ ಎದ್ದು ತುಕ್ಕು ಕಾಣುತ್ತಿದೆ, ಕೀಳಿಸಿಬಿಡೋದಾ ಅಂತ ಕೇಳಿದ್ದೀರಿ.

ನಾವು ಬಂದ ಹೊಸತರಲ್ಲಿ ಕೊಂಡ ಮನೆಯ ಟಬ್ಬು ಫಳಫಳ ಹೊಳೆಯುತ್ತಿತ್ತು. ಮಾರಿದವರು ಅದಕ್ಕೆ ಹೊಸ ಕೋಟಿಂಗ್ ಹೊಡೆಸಿದ್ದರು. ಕೆಲವೇ ತಿಂಗಳಲ್ಲಿ ಕೆಳಗಿನ ಕೋಣೆಯ ಸೀಲಿಂಗ್ ಮೇಲೆ ಕಂದು ಕಲೆ ಬಂತು. ಗೋಡೆ ಬಿಚ್ಚಿಸಿದಾಗ ಓವರ್‌ಫ್ಲೋ ತೂತಿನ (ನೀರು ತುಂಬಿ ಚೆಲ್ಲದಂತೆ ಟಬ್ಬಿನ ಮೇಲ್ಭಾಗದಲ್ಲಿರುವ ತೂತು) ಹಿಂದಿನ ರಬ್ಬರ್ ವಾಷರ್ ಒಣಗಿ ಪುಡಿಯಾಗಿತ್ತು. ಟಬ್ಬಿನ ಕೆಳಗಿನ ಹಲಗೆಯನ್ನು ಬೆರಳಲ್ಲಿ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಕೂಡಿಟ್ಟ ದುಡ್ಡೆಲ್ಲ ಆ ನೆಲಕ್ಕೆ ಹೋಯಿತು. ಅವರ ಪ್ರಯಾಣ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅಪ್ಪನಿಗೆ ದೂರ ಪ್ರಯಾಣ ಆಗದ ಹಾಗಾಯಿತು. ಈ ಮನೆ ಅವರು ನೋಡಲೇ ಇಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಮೊದಲು ಟಬ್ಬಿನ ಕೆಳಗೆ ಏನಾಗಿದೆ ನೋಡಿ, ಮೇಲಿನ ಅಂದ ಆಮೇಲೆ.

ಓವರ್‌ಫ್ಲೋ ತೂತಿನವರೆಗೆ ನೀರು ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು ಹರಿಯಬಿಡಿ. ಕೆಳಗಿನ ಸೀಲಿಂಗ್ ನೋಡುತ್ತಿರಿ. ಟಬ್ಬಿನ ಪಕ್ಕದ ನೆಲ ಮೆತ್ತಗಿದೆಯಾ, ಕಾಲಿಟ್ಟು ನೋಡಿ. ನಮ್ಮ ಊರಿನ ಬಚ್ಚಲಿನ ಹಾಗೆ ಇಲ್ಲಿ ಹೊರಗೆ ಚೆಲ್ಲಿದ ನೀರು ಹೋಗಲು ದಾರಿ ಇರುವುದಿಲ್ಲ, ಎಲ್ಲ ಹಲಗೆಗೇ ಇಳಿಯುತ್ತದೆ. ಹಲಗೆ ಕೊಳೆತಿದ್ದರೆ ಯೋಚನೆಯೇ ಬೇಡ, ಟಬ್ಬು ಎತ್ತಲೇಬೇಕು.

ಕೆಳಗೆಲ್ಲ ಗಟ್ಟಿ ಇದ್ದರೆ ಟಬ್ಬು ಯಾವುದರದ್ದು ಅಂತ ನೋಡಿ. ಮ್ಯಾಗ್ನೆಟ್ ಅಂಟಿದರೆ ಎರಕದ ಕಬ್ಬಿಣ ಅಥವಾ ಸ್ಟೀಲು. ಗೆಣ್ಣಿಂದ ತಟ್ಟಿ: ದಪ್ಪ ಸದ್ದು ಬಂದರೆ ಎರಕದ್ದು, ಠಣ್ ಅಂದರೆ ಸ್ಟೀಲು. ಎರಕದ್ದಾದರೆ ನಾನಂತೂ ಕೀಳಿಸಲ್ಲ. ನೂರೈವತ್ತು ಕಿಲೋ ಹತ್ತಿರ ತೂಗುತ್ತದೆ, ಒಮ್ಮೆ ಕಾದರೆ ಬಿಸಿ ಬೇಗ ಆರುವುದಿಲ್ಲ. ಸಣ್ಣ ಚಕ್ಕೆಗೆ ತುಕ್ಕು ಉಜ್ಜಿ ತೆಗೆದು, ಚೆನ್ನಾಗಿ ಒಣಗಿಸಿ ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿಸಿದರೆ ಸಾಕು. ತುಕ್ಕು ತಿಂದು ತೂತಾಗಿದ್ದರೆ ಮಾತ್ರ ಬೇರೆ ಮಾತು. ಫೈಬರ್ ಅಥವಾ ಅಕ್ರಿಲಿಕ್ ಟಬ್ಬಿನ ತಳ ನಿಂತರೆ ಬಾಗುತ್ತಿದೆ, ಬಿರುಕೂ ಇದೆ ಅಂದರೆ ತೇಪೆ ನಿಲ್ಲುವುದಿಲ್ಲ, ಬದಲಾಯಿಸಿ.

ಪೂರ್ತಿ ಹಳದಿ ಹೋಗಬೇಕಾದರೆ ರೀಗ್ಲೇಜಿಂಗ್, ಅಂದರೆ ಟಬ್ಬಿನ ಮೇಲೆ ಹೊಸ ಕೋಟಿಂಗ್, ಮಾಡಿಸಬಹುದು. ಚೆನ್ನಾಗಿ ಮಾಡಿದ್ದು ಹತ್ತು ವರ್ಷದಷ್ಟು ಬರುತ್ತದೆ. ಅದರ ಮೇಲೆ ಉಜ್ಜುವ ಪುಡಿ ಮತ್ತು ತಳಕ್ಕೆ ಅಂಟಿಕೊಳ್ಳುವ ಸಕ್ಷನ್ ಮ್ಯಾಟ್ ಹಾಕಬೇಡಿ, ಪದರ ಕಿತ್ತು ಬರುತ್ತದೆ. ಹಳೇ ಪದರ ತೆಗೆಯಲು ನೀವೇ ಕೈಹಾಕಬೇಡಿ. ಮೆಥಿಲೀನ್ ಕ್ಲೋರೈಡ್ ಅನ್ನುವ ವಿಷದ ರಾಸಾಯನಿಕ ಇರುವ ರಿಮೂವರ್‌ನ (ಹಳೇ ಪದರ ಕೀಳುವ ದ್ರವದ) ಆವಿ ಗಾಳಿಗಿಂತ ಭಾರ, ಟಬ್ಬಿನೊಳಗೇ ನಿಂತುಬಿಡುತ್ತದೆ. ಬಗ್ಗಿ ಕೆಲಸ ಮಾಡುವವರ ಮೂಗಿಗೆ ನೇರ ಹೋಗುತ್ತದೆ. ಅಮೆರಿಕದಲ್ಲಿ 2000ದಿಂದ 2011ರೊಳಗೆ ಇದೇ ಕೆಲಸ ಮಾಡುತ್ತಿದ್ದ 13 ಜನ ಹಾಗೆ ಸತ್ತರು. ಕೆಲಸದವರು ಏನು ಬಳಸುತ್ತಾರೆ ಅಂತ ಮೊದಲೇ ಕೇಳಿ. ಆ ದಿನ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ.

ಬದಲಾಯಿಸುವುದಾದರೆ ಬರೀ ಟಬ್ಬಿನ ಖರ್ಚಲ್ಲ. ಅದರ ಅಂಚು ಟೈಲ್ಸ್ ಹಿಂದೆ ಸೇರಿರುತ್ತದೆ, ಕೆಳಗಿನ ಸಾಲು ಟೈಲ್ಸ್ ಒಡೆಯಲೇಬೇಕು. ಕೊನೆಗೆ ಟಬ್ಬು, ಟೈಲ್ಸ್ ನಡುವಿನ ಸಂದಿಗೆ ಸಿಲಿಕೋನ್ ಹಾಕುವಾಗ ಟಬ್ಬಿನ ತುಂಬ ನೀರಿರಲಿ. ಭಾರಕ್ಕೆ ಟಬ್ಬು ಇಳಿದು ಸಂದು ಅಗಲವಾದಾಗಲೇ ತುಂಬಿಸಬೇಕು. ಇಲ್ಲದಿದ್ದರೆ ಆಮೇಲೆ ಬಿಟ್ಟುಕೊಳ್ಳುತ್ತದೆ.

ಮುಂದಿನ ವರ್ಷ ಅಪ್ಪ ಅಮ್ಮ ಬರುತ್ತಾರೆ ಅಂತ ಬರೆದಿದ್ದೀರಿ, ಓದಿ ತುಂಬ ಖುಷಿಯಾಯಿತು. ಟಬ್ಬಿನ ಅಂಚು ಮೊಣಕಾಲಿನ ಹತ್ತಿರ ಬರುತ್ತದೆ, ವಯಸ್ಸಾದವರಿಗೆ ದಾಟುವುದು ಕಷ್ಟ. ಟವೆಲ್ ರಾಡು ಹಿಡಿದು ಹತ್ತಲು ಬಿಡಬೇಡಿ, ಅದು ಭಾರ ತಡೆಯಲ್ಲ. ಗೋಡೆಯೊಳಗಿನ ಮರಕ್ಕೆ ಸ್ಕ್ರೂ ಹಾಕಿ ಹಿಡಿದುಕೊಳ್ಳಲು ಗಟ್ಟಿ ಗ್ರ್ಯಾಬ್ ಬಾರ್ ಕೂರಿಸಿ. ಈ ವಾರ ನೀರು ತುಂಬಿಸಿ ನೋಡಿ, ಏನು ಕಂಡಿತು ಅಂತ ಬರೆಯಿರಿ.