ನಂಬರ್ ಇಲ್ಲದ ವಿರೋಧ ಪಕ್ಷದವರು ಏನು ಮಾಡೋಕಾಗುತ್ತೆ?

ಪ್ರಶ್ನೆ: ಸರ್, ಅವಿಶ್ವಾಸ ನಿರ್ಣಯ ಸೋಲುತ್ತೆ ಅಂತ ಮೊದಲೇ ಗೊತ್ತಿದ್ರೂ ವಿರೋಧ ಪಕ್ಷದವರು ಯಾಕೆ ತರ್ತಾರೆ? ಟೈಮ್ ವೇಸ್ಟ್ ಅಲ್ವಾ?
(ಸಾಗರದ ಓದುಗರೊಬ್ಬರು)

ಉತ್ತರ: ಖಂಡಿತ ವೇಸ್ಟ್ ಅಲ್ಲ ಸರ್. 1963ರ ಆಗಸ್ಟ್‌ನಲ್ಲಿ ಲೋಕಸಭೆಯ ಮೊಟ್ಟಮೊದಲ ಅವಿಶ್ವಾಸ ನಿರ್ಣಯವನ್ನ ಆಚಾರ್ಯ ಕೃಪಲಾನಿ ನೆಹರೂ ಸರ್ಕಾರದ ಮೇಲೆ ತಂದ್ರು, ಚೀನಾ ಯುದ್ಧದ ಸೋಲು ಇನ್ನೂ ಹಸಿ ಇದ್ದ ಕಾಲ ಅದು. ಪರವಾಗಿ ಬಿದ್ದಿದ್ದು 62 ವೋಟು, ವಿರುದ್ಧ 347. ಲೆಕ್ಕದಲ್ಲಿ ಹೀನಾಯ ಸೋಲೇ.

ಆದ್ರೆ ಅದೇ ವರ್ಷ ಫರೂಕಾಬಾದ್ ಉಪಚುನಾವಣೆ ಗೆದ್ದು ಬಂದಿದ್ದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕ್ತಿದ್ದಾರೆ, ಪ್ರಧಾನಿ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗ್ತಿದೆ ಅಂದ್ಬಿಟ್ರು ನೋಡಿ, ನೆಹರೂ ಸುಮ್ನೆ ಕೂರೋಕಾಗ್ಲಿಲ್ಲ, ಯೋಜನಾ ಆಯೋಗದ ಅಂಕಿ ಹಿಡ್ಕೊಂಡು ಮೂರಾಣೆ ಅಲ್ಲ ಹದಿನೈದಾಣೆ ಅಂದ್ರು. ಹದಿನೈದಾಣೆ ಅಂದ್ರೂ ಪೂರ್ತಿ ಒಂದು ರೂಪಾಯಿ ಇಲ್ಲ! ಬಡವನ ದಿನದ ಆದಾಯ ಎಷ್ಟು ಅಂತ ಸರ್ಕಾರವೇ ಸದನದಲ್ಲಿ ಲೆಕ್ಕ ಕೊಡೋ ಹಾಗಾಯ್ತು, ನನಗೆ ಅದೇ ದೊಡ್ಡ ಗೆಲುವು ಅನ್ಸುತ್ತೆ.

ನಿಮ್ಮೂರಿಗೆ ಲೋಹಿಯಾ ಹೊಸಬರೇನಲ್ಲ, 1951ರಲ್ಲಿ ನಿಮ್ಮ ತಾಲ್ಲೂಕಿನ ಕಾಗೋಡು ಗೇಣಿದಾರರ (ಬೇರೆಯವರ ಜಮೀನನ್ನ ಗೇಣಿಗೆ ಉಳೋ ರೈತರ) ಸತ್ಯಾಗ್ರಹಕ್ಕೆ ಬಂದು ಅರೆಸ್ಟ್ ಆದವರು ಅವರು. ಆ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಶಾಸಕರಾಗಿ ಗೇಣಿದಾರರ ಮಾತನ್ನ ಮೈಸೂರು ವಿಧಾನಸಭೆಗೆ ತಗೊಂಡು ಹೋದ್ರು. ಅವರ ಹಿಂದೆಯೂ ನಂಬರ್ ಇರ್ಲಿಲ್ಲ ಸರ್, ವಿಷಯ ಇತ್ತು.