ಗಡಿನಾಡಿನ ಶಾಲೆಯಲ್ಲಿ ಮಕ್ಕಳೇ ನಡೆಸುವ ನಾಟಕ

ಕೇರಳದ ಕಾಸರಗೋಡಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ನಾಟಕ, ಅದೂ ಮಕ್ಕಳ ಕೈಯಲ್ಲೇ, ಹೇಗೆ ಬೆಳೆಯಿತೆಂದು ನೀವು ಕೇಳಿದ್ದೀರಿ. ಬೆಂಗಳೂರಿನವರಿಗೆ ಕಾಸರಗೋಡೆಂದರೆ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿ ಕೈತಪ್ಪಿದ ತಾಲೂಕು; ನಮಗೆ ಅದು ಒಂದೇ ಜೀನಸಿ ಅಂಗಡಿಯ ಮುಂದೆ ತುಳು, ಮಲಯಾಳ, ಕನ್ನಡ, ಬ್ಯಾರಿ, ಕೊಂಕಣಿಗಳಲ್ಲಿ ಚೌಕಾಸಿ ನಡೆಯುವ ಊರು.

ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ. ಬಯಲಾಟದ ರಾತ್ರಿ ಚೌಕಿಯ, ಅಂದರೆ ವೇಷ ಕಟ್ಟುವ ಬಿಡಾರದ, ಮೂಲೆಯಲ್ಲಿ ಕುಳಿತು ಬಣ್ಣ ಹಚ್ಚುವುದನ್ನು ನೋಡದ ಮಕ್ಕಳು ನಮ್ಮ ಕಡೆ ಕಡಿಮೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆಯಾಗಿರುವುದರಿಂದ ಆ ನಂಟಿಗೆ ಶಾಲೆಯೊಳಗೂ ಜಾಗ ಸಿಕ್ಕಿತು. ಆದರೆ ಯಕ್ಷಗಾನಕ್ಕೆ ಗುರುಗಳು ಬೇಕು, ವೇಷಭೂಷಣದ ಬಾಡಿಗೆ ಬೇಕು, ಹಿಮ್ಮೇಳ ಬೇಕು. ನಾಟಕಕ್ಕೆ ಅಷ್ಟೆಲ್ಲ ಬೇಡವೆಂಬುದನ್ನು ಮಕ್ಕಳು ನಮಗಿಂತ ಮೊದಲೇ ಕಂಡುಕೊಂಡರು.

ನಾನು ಬಲ್ಲ ಶಾಲೆಯಲ್ಲಿ ಮೊದಲು ವಾರ್ಷಿಕೋತ್ಸವಕ್ಕೆ ಕನ್ನಡ ಮೇಷ್ಟ್ರೊಬ್ಬರು ನಾಟಕ ಆಡಿಸುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಹುದ್ದೆ ಬಹುಕಾಲ ಖಾಲಿ ಉಳಿಯಿತು. ಆಮೇಲೆ ಬಂದವರಿಗೆ ಕನ್ನಡವೇ ಬಾರದು. (ಈ ದೂರು ಗಡಿನಾಡಿನಲ್ಲಿ ಹಳೆಯದು, ಇಲ್ಲಿ ಅದನ್ನು ಬೆಳೆಸುವುದಿಲ್ಲ.) ಆ ವರ್ಷ ನಾಟಕ ನಿಂತೇ ಹೋಗುತ್ತದೆಂದು ನಾವೆಲ್ಲ ಅಂದುಕೊಂಡಿದ್ದಾಗ ಹತ್ತನೆಯ ತರಗತಿಯ ಬೆರಳೆಣಿಕೆಯ ಹುಡುಗಿಯರು ಮುಖ್ಯೋಪಾಧ್ಯಾಯರ ಬಳಿ ಹೋಗಿ ಸಂಜೆ ನಾಲ್ಕರ ಬಳಿಕ ಸಭಾಂಗಣದ ಬೀಗದ ಕೈ ಮಾತ್ರ ಕೇಳಿದರು.

ಅವರ ಬಳಿ ನಾಟಕದ ಹಸ್ತಪ್ರತಿ ಇರಲಿಲ್ಲ. ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪದ್ಯವೊಂದನ್ನು ಹಿಡಿದು ಅರ್ಥಧಾರಿಗಳು ಮಾತನ್ನು ಅಲ್ಲಲ್ಲೇ ಕಟ್ಟುವಂತೆ, ಇವರೂ ಸಂಗತಿಯೊಂದನ್ನು ನಡುವೆ ಇಟ್ಟುಕೊಂಡು ಮಾತಿಗೆ ಮಾತು ಕೊಟ್ಟರು. ಹಾಗೆ ಗಟ್ಟಿಯಾಗಿ ನಿಂತ ಮಾತನ್ನು ಒಬ್ಬಳು ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು. ನಿರ್ದೇಶಕರಿಲ್ಲದೆ ನಾಟಕ ನಡೆದದ್ದು ಹೊರಗಿನವರಿಗೆ ಅಚ್ಚರಿಯೆನಿಸಬಹುದು; ಅಜ್ಜಂದಿರ ಅರ್ಥಗಾರಿಕೆ ಕೇಳುತ್ತಲೇ ನಿದ್ದೆಹೋದ ಮಕ್ಕಳಿಗೆ ಅದರಲ್ಲಿ ಹೊಸತೇನೂ ಇರಲಿಲ್ಲವೆಂದೇ ನನ್ನ ಎಣಿಕೆ.

ಆ ಮೊದಲ ನಾಟಕದ ವಸ್ತು ಬಸ್ಸಿನ ಬೋರ್ಡು. ಕುಂಬಳೆ 'ಕುಂಬಳ'ವಾಗಿ, ಮಂಜೇಶ್ವರ 'ಮಂಜೇಶ್ವರಂ' ಆಗಿ ಬರೆದಿರುವ ಬಸ್ಸನ್ನು ಹತ್ತಲು ಒಪ್ಪದ ಅಜ್ಜನೊಬ್ಬ ತುಳುವಿನಲ್ಲಿ ಜಗಳಕ್ಕೆ ನಿಲ್ಲುತ್ತಾನೆ, ಕಂಡಕ್ಟರು ಮಲಯಾಳದಲ್ಲಿ ಸಮಾಧಾನ ಹೇಳುತ್ತಾನೆ, ನಡುವೆ ಸಿಕ್ಕಿದ ಮೊಮ್ಮಗಳು ಕನ್ನಡದಲ್ಲಿ ಇಬ್ಬರಿಗೂ ಸುಳ್ಳು ಸುಳ್ಳೇ ಭಾಷಾಂತರ ಮಾಡುತ್ತ ಅಜ್ಜನನ್ನು ಬಸ್ಸು ಹತ್ತಿಸುತ್ತಾಳೆ. ಸಭೆ ನಕ್ಕಿತು. ಅತಿಥಿಯಾಗಿ ಬಂದವರೊಬ್ಬರು ಮಾತ್ರ ಇದು ಯಾವ ಭಾಷೆಯ ನಾಟಕವೆಂದು ಗಂಭೀರವಾಗಿಯೇ ವಿಚಾರಿಸಿದರು.

ಕೇರಳದಲ್ಲಿ ಪ್ರೌಢಶಾಲೆಯೆಂದರೆ ಎಂಟರಿಂದ ಹತ್ತು, ಮೂರೇ ವರ್ಷ. ಹತ್ತನೆಯವರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಲೆಬಿಸಿ. ಹಾಗಾಗಿ ಓಣಂ ರಜೆ ಮುಗಿದೊಡನೆ ಅವರು ಕೆಲಸವನ್ನು ಒಂಬತ್ತನೆಯವರಿಗೆ ಒಪ್ಪಿಸುವುದು ರೂಢಿಯಾಯಿತು. ಎಂಟನೆಯವರು ಮೊದಲ ವರ್ಷ ಪರದೆ ಎಳೆಯಬೇಕು, ಬೆಂಚು ಹೊರಬೇಕು, ಯಾರಾದರೂ ಜ್ವರ ಬಂದು ಮಲಗಿದರೆ ಆ ಪಾತ್ರದ ಮಾತು ಬಾಯಿಪಾಠ ಇರಬೇಕು. ಈ ಕೊನೆಯ ನಿಯಮವನ್ನು ಹಾಕಿದ್ದೂ ಮಕ್ಕಳೇ. ಒಮ್ಮೆ ನಾಟಕದ ದಿನವೇ ಅಜ್ಜನ ಪಾತ್ರಧಾರಿ ಕೆಪ್ಪಟರಾಯನಿಂದ ಕೆನ್ನೆ ಊದಿಸಿಕೊಂಡು ಮನೆಯಲ್ಲೇ ಉಳಿದಿದ್ದ.

ಈಗ ಪಕ್ಕದ ಮಲಯಾಳ ಮಾಧ್ಯಮದ ತರಗತಿಯ ಮಕ್ಕಳೂ ಸೇರಿಕೊಳ್ಳುತ್ತಾರೆ. ಕಳೆದ ಸಲ ಪರದೆಯ ಹಿಂದಿನಿಂದ ಮಾತು ನೆನಪಿಸಿ ಕೊಡುತ್ತಿದ್ದ ಹುಡುಗನ ಕೈಯ ಹಾಳೆಯನ್ನು ಇಣುಕಿ ನೋಡಿದೆ: ಕನ್ನಡದ ಸಾಲುಗಳೆಲ್ಲ ಮಲಯಾಳ ಲಿಪಿಯಲ್ಲಿದ್ದವು, 'ಅಜ್ಜ' ಎಂಬ ಒಂದು ಪದದ ಹೊರತು. ಅದನ್ನು ಮಾತ್ರ ಅವನು ಕನ್ನಡದಲ್ಲೇ, ಒತ್ತಕ್ಷರ ತುಸು ದೊಡ್ಡದಾಗಿ, ಬರೆದುಕೊಂಡಿದ್ದ.