ಜೈಸಲ್ಮೇರಿನಿಂದ ತನೋಟ್‌ಗೆ ಇಬ್ಬರು ಸೈಕಲ್‌ನಲ್ಲಿ ಒಂದೇ ದಿನದಲ್ಲಿ ಹೋಗಬಹುದೇ?

ರಾಜಸ್ಥಾನದ ಜೈಸಲ್ಮೇರಿನಿಂದ ರಾಮಗಢದ ಮೂಲಕ ಪಾಕಿಸ್ತಾನದ ಗಡಿಗೆ ಹತ್ತಿರದ ತನೋಟ್‌ವರೆಗಿನ ಸುಮಾರು 120 ಕಿಲೋಮೀಟರ್ ದಾರಿಯನ್ನು ನೀವೂ ನಿಮ್ಮ ಗೆಳೆಯರೂ ಸಾಮಾನು ಹೇರಿದ ಸೈಕಲ್‌ಗಳಲ್ಲಿ ಒಂದೇ ದಿನದಲ್ಲಿ ಕ್ರಮಿಸಬಹುದೇ, ಮರುಭೂಮಿಯಲ್ಲಿ ಅಂಥ ದಿನ ಹೇಗಿರುತ್ತದೆ, ಇಬ್ಬರ ವೇಗ ಒಂದೇ ಅಲ್ಲದಿದ್ದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಧಾರವಾಡದ ಗೆಳೆಯನೊಬ್ಬನ ಜೊತೆ ಜನವರಿಯಲ್ಲಿ ನಾನು ಈ ದಾರಿಯನ್ನು ತುಳಿದಿದ್ದೇನೆ. ಹೋಗಬಹುದು, ಆದರೆ ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ ಮಾತ್ರ ಎಂಬುದು ನನ್ನ ಉತ್ತರ. ಅದಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿದೆ: ಆಯಾ ಗಂಟೆಯಲ್ಲಿ ಇಬ್ಬರಲ್ಲಿ ಯಾರು ದಣಿದಿದ್ದಾರೋ ಅವರ ವೇಗವೇ ಇಬ್ಬರ ವೇಗ ಎಂದು ಹೊರಡುವ ಮೊದಲೇ ಒಪ್ಪಿಕೊಂಡಿರಬೇಕು. ಊರೂರಿಗೂ ಚಹಾ ಅಂಗಡಿ ಸಿಗುವ ನಮ್ಮ ಕಡೆಯ ರಸ್ತೆಗಳಲ್ಲಿ ಒಬ್ಬರು ಮುಂದೆ ಹೋಗಿ ಮುಂದಿನ ಊರಿನಲ್ಲಿ ಕಾಯುತ್ತಾ ಕೂರಬಹುದು. ಅಲ್ಲಿ ಹಾಗೆ ಮಾಡುವಂತಿಲ್ಲ. 2011ರ ಜನಗಣತಿಯಂತೆ ಜೈಸಲ್ಮೇರ್ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 17 ಜನ, ಕರ್ನಾಟಕದಲ್ಲಿ 319. ಈ ಅಂತರದ ಅರ್ಥ ರಾಮಗಢ ದಾಟಿದ ಮೇಲೆ ಚೆನ್ನಾಗಿ ತಿಳಿಯುತ್ತದೆ.

ಮೊದಲು ಬೆಳಕಿನ ಲೆಕ್ಕ ಹಾಕಿಕೊಳ್ಳಿ. ಜೈಸಲ್ಮೇರ್ ದೇಶದ ಪಶ್ಚಿಮದ ಅಂಚಿಗೆ ಹತ್ತಿರವಿರುವುದರಿಂದ ಜನವರಿಯಲ್ಲಿ ಅಲ್ಲಿ ಸೂರ್ಯ ಮೂಡುವುದು ಬೆಳಿಗ್ಗೆ ಸುಮಾರು ಏಳೂವರೆಗೆ, ಮುಳುಗುವುದು ಸಂಜೆ ಆರರ ಆಸುಪಾಸಿನಲ್ಲಿ. ಐದೂವರೆಗೆ ಎದ್ದು ಆರಕ್ಕೆ ಹೊರಡುವ ನಮ್ಮ ರೂಢಿಯನ್ನು ಅಲ್ಲಿಗೆ ಒಯ್ದರೆ ಒಂದು ಗಂಟೆಗೂ ಹೆಚ್ಚು ಹೊತ್ತು ಕತ್ತಲಿನಲ್ಲಿ, ಕೈಬೆರಳು ಮರಗಟ್ಟುವ ಚಳಿಯಲ್ಲಿ ತುಳಿಯಬೇಕಾಗುತ್ತದೆ. ನಾವು ಏಳೂಕಾಲಕ್ಕೆ, ಹಿಂದಿನ ದೀಪ ಹಚ್ಚಿಕೊಂಡು, ಉಣ್ಣೆಯ ಕೈಗವಸು ಹಾಕಿಕೊಂಡು ಹೊರಟೆವು. ಹತ್ತೂವರೆ ಗಂಟೆಯ ಬೆಳಕಿನಲ್ಲಿ ಊಟಕ್ಕೆ, ವಿಶ್ರಾಂತಿಗೆ, ಪಂಕ್ಚರ್‌ಗೆ ಎಂದು ಎರಡು ಗಂಟೆ ಕಳೆದರೆ ಉಳಿಯುವುದು ಎಂಟೂವರೆ ಗಂಟೆ. ಅಂದರೆ ಗಂಟೆಗೆ ಹದಿನಾಲ್ಕು ಕಿಲೋಮೀಟರಿನ ಸರಾಸರಿ ಬೇಕು. ಗಾಳಿ ಇಲ್ಲದಿದ್ದರೆ ಇದು ದೊಡ್ಡ ವೇಗವೇನಲ್ಲ.

ಆದ್ದರಿಂದ ಗಾಳಿಯನ್ನು ಓದುವುದನ್ನು ಕಲಿಯಿರಿ. ಊರಿನಿಂದ ಆರೇಳು ಕಿಲೋಮೀಟರ್ ಹೋಗುತ್ತಲೇ ಬಡಾ ಬಾಗ್‌ನಲ್ಲಿ ಜೈಸಲ್ಮೇರ್ ಅರಸರ ಛತ್ರಿಗಳು, ಎಂದರೆ ಅವರ ನೆನಪಿಗೆ ಕಟ್ಟಿದ ಮಂಟಪಗಳು, ಕಾಣುತ್ತವೆ. ಅವುಗಳ ಹಿಂದೆ, ಸುತ್ತಲ ದಿಬ್ಬಗಳ ಮೇಲೆ ಗಾಳಿಯಂತ್ರಗಳ ದೊಡ್ಡ ಸಾಲುಗಳಿವೆ. ಗಾಳಿಯಂತ್ರದ ತಲೆ ಯಾವಾಗಲೂ ಗಾಳಿ ಬರುವ ದಿಕ್ಕಿಗೆ ತಿರುಗಿರುತ್ತದೆ. ನಾವು ಹೋದ ದಿನ ಅವೆಲ್ಲ ಈಶಾನ್ಯಕ್ಕೆ ಮುಖ ಮಾಡಿದ್ದವು. ನಮ್ಮ ದಾರಿ ವಾಯವ್ಯಕ್ಕೆ. ಎಂದರೆ ಗಾಳಿ ಎದುರಿಗೂ ಅಲ್ಲ, ಬೆನ್ನಿಗೂ ಅಲ್ಲ, ದಿನವಿಡೀ ಬಲಗಡೆಯಿಂದ ಬರುತ್ತದೆ ಎಂದು ಅಲ್ಲಿಯೇ ಗೊತ್ತಾಯಿತು. ಆದರೆ ಆ ಹೊತ್ತಿನಲ್ಲಿ ರಸ್ತೆಯ ಮೇಲೆ ಎಲೆಯೂ ಅಲುಗುತ್ತಿರಲಿಲ್ಲ. ಇದಕ್ಕೆ ಕಾರಣವಿದೆ. ರಾತ್ರಿ ಮರಳು ಬೇಗ ತಣಿಯುವುದರಿಂದ ನೆಲಕ್ಕೆ ಹತ್ತಿರದ ತಂಪು ಗಾಳಿ ಭಾರವಾಗಿ ಕೆಳಗೇ ನಿಂತುಬಿಡುತ್ತದೆ, ಮೇಲೆ ಬೀಸುವ ಗಾಳಿ ಅದರ ಮೇಲಿನಿಂದಲೇ ಜಾರಿ ಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಎರಡು ಪದರಗಳೂ ಬೆರೆತು ಮೇಲಿನ ಗಾಳಿ ಕೆಳಗಿಳಿಯುತ್ತದೆ. ಹೀಗಾಗಿ ಹತ್ತು ಗಂಟೆಯವರೆಗಿನ ಕಿಲೋಮೀಟರುಗಳು ಅಗ್ಗ, ಆಮೇಲಿನವು ದುಬಾರಿ. ಬೆಳಗಿನ ತಿಂಡಿಯನ್ನು ಊರಿನ ಹೋಟೆಲಿನಲ್ಲಿ ನಿಧಾನವಾಗಿ ತಿನ್ನುತ್ತಾ ಕುಳಿತವರು ಈ ಅಗ್ಗದ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ. ನಾವು ಬಾಳೆಹಣ್ಣು, ಶೇಂಗಾ ಚಿಕ್ಕಿಯನ್ನು ಹ್ಯಾಂಡಲ್ ಚೀಲದಲ್ಲಿ ಇಟ್ಟುಕೊಂಡು ತುಳಿಯುತ್ತಲೇ ತಿಂದೆವು.

ಮರುಭೂಮಿ ಎಂದೊಡನೆ ಮರಳಿನ ದಿಬ್ಬಗಳನ್ನೇ ನಿರೀಕ್ಷಿಸಬೇಡಿ. ರಾಮಗಢದವರೆಗಿನ ಸುಮಾರು 65 ಕಿಲೋಮೀಟರಿನಲ್ಲಿ ಹೆಚ್ಚಾಗಿ ಕಾಣುವುದು ಕಲ್ಲುನೆಲ, ಜಲ್ಲಿ, ಸೇವಣ್ ಹುಲ್ಲಿನ ಬಯಲು, ಅಲ್ಲಲ್ಲಿ ಎಕ್ಕದ ಗಿಡ, ಬನ್ನಿ ಮರ. ನಾವು ವಿಜಯದಶಮಿಯಂದು ಪೂಜಿಸುವ ಬನ್ನಿಯೇ ಅಲ್ಲಿಯ ಖೇಜ್ಡಿ. ಅದರ ಕಾಯಿಯಿಂದಲೇ ಸಾಂಗ್ರಿ ಪಲ್ಯ ಮಾಡುತ್ತಾರೆ. ಈ ಭಾಗದಲ್ಲಿ ಸೋನು ಕಡೆಯ ಗಣಿಗಳಿಂದ ಸುಣ್ಣದಕಲ್ಲು ತರುವ ಲಾರಿಗಳು ಸಿಗುತ್ತವೆ. ಹಿಂದಿನವರು ಕನ್ನಡಿ ಹಾಕಿಕೊಂಡಿದ್ದು, ಲಾರಿ ಬಂದಾಗ ಕೂಗಿ ಹೇಳಬೇಕು. ರಸ್ತೆ ಉತ್ತಮವಾಗಿದೆ. ಈ ಭಾಗದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದದ್ದಿಲ್ಲ.

ಮುಳ್ಳಿನ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದಿನದ ಬೆಳಕನ್ನು ಅತಿ ಹೆಚ್ಚು ತಿನ್ನುವುದು ಅದೇ. ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿ ಅಲ್ಲಿಯೂ ಯಥೇಚ್ಛವಾಗಿ ಬೆಳೆದಿದೆ, ನೆಗ್ಗಿಲು ಮುಳ್ಳೂ ಇದೆ. ಡಾಂಬರಿನ ಮೇಲೆ ಇರುವವರೆಗೆ ಭಯವಿಲ್ಲ. ಫೋಟೋ ತೆಗೆಯಲೆಂದೋ ನೆರಳಿಗೆಂದೋ ಸೈಕಲ್ಲನ್ನು ರಸ್ತೆಯ ಅಂಚಿಗೆ ಇಳಿಸಿದಾಗ ಚಕ್ರಕ್ಕೆ ಮುಳ್ಳು ಹತ್ತುತ್ತದೆ. ನನ್ನ ಗೆಳೆಯನ ಹಿಂದಿನ ಚಕ್ರ ಮೋಕಲ್ ದಾಟಿದ ಮೇಲೆ ಮೆತ್ತಗಾಯಿತು. ಟ್ಯೂಬ್ ಬದಲಿಸುವುದು ಹತ್ತು ನಿಮಿಷದ ಕೆಲಸ, ಆದರೆ ಮುಳ್ಳನ್ನು ಹುಡುಕುವುದು ಹಾಗಲ್ಲ. ಅವನು ಟೈರಿನ ಒಳಮೈಯನ್ನು ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ನಿಧಾನವಾಗಿ ಸವರುತ್ತಾ ಬಂದ. ಮೊದಲ ಸುತ್ತಿನಲ್ಲಿ ಏನೂ ಸಿಗಲಿಲ್ಲ. ಎರಡನೆಯ ಸುತ್ತನ್ನು ಎದುರು ದಿಕ್ಕಿಗೆ ಸವರಿದಾಗ ಕೂದಲಿನ ತುದಿಯಷ್ಟು ಒರಟು ಬೆರಳಿಗೆ ತಾಗಿತು. ಹೊರಗಿನಿಂದ ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಮುಳ್ಳು ಮುರಿದು ರಬ್ಬರಿನೊಳಗೆ ಹುದುಗಿತ್ತು. ಟೈರನ್ನು ಆ ಜಾಗದಲ್ಲಿ ಬಾಗಿಸಿ ಹಿಡಿದಾಗ ತುದಿ ಮೇಲೆದ್ದಿತು, ಚಿಮುಟದಿಂದ ಎಳೆದೆವು. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದ್ದರೆ ಐದು ಕಿಲೋಮೀಟರಿನೊಳಗೆ ಅದೂ ಹೋಗುತ್ತಿತ್ತು. ಚಿಮುಟವನ್ನು ತಪ್ಪದೆ ಒಯ್ಯಿರಿ, ತಲಾ ಎರಡು ಟ್ಯೂಬ್ ಇರಲಿ, ಇಬ್ಬರ ಚಕ್ರದ ಅಳತೆಯೂ ಒಂದೇ ಆಗಿದ್ದರೆ ಅರ್ಧ ಚಿಂತೆ ಕಡಿಮೆ.

ರಾಮಗಢ ಆ ದಿನದ ತಿರುವು. ಪಂಜಾಬಿನ ಹರಿಕೆಯಲ್ಲಿ ಹುಟ್ಟುವ ಇಂದಿರಾ ಗಾಂಧಿ ಕಾಲುವೆಯ ನೀರು ಶಾಖೆಗಳ ಮೂಲಕ ಈ ಕಡೆಗೂ ಬಂದಿರುವುದರಿಂದ ಊರಿನ ಸುತ್ತ ಹಸಿರು ಕಾಣಿಸುತ್ತದೆ. ಚಹಾ, ಊಟ, ನೀರು, ಅಂಗಡಿ ಎಲ್ಲವೂ ಇಲ್ಲಿವೆ. ಮುಂದೆ ಇವನ್ನು ನಂಬಿಕೊಳ್ಳುವಂತಿಲ್ಲ. ನಾವು ಅಲ್ಲಿ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆ ಊಟ ಮಾಡಿದೆವು, ಉತ್ತರ ಕರ್ನಾಟಕದವನಾದ ನನ್ನ ಗೆಳೆಯನಿಗೆ ಮನೆಯ ಊಟವೇ ಸಿಕ್ಕಂತಾಗಿತ್ತು. ಹಿಂದಿನ ರಾತ್ರಿಯೇ ನಾವು ಒಂದು ಮಾತು ಮಾಡಿಕೊಂಡಿದ್ದೆವು: ಮಧ್ಯಾಹ್ನ ಒಂದು ಗಂಟೆಯೊಳಗೆ ರಾಮಗಢ ಬಿಡಲು ಆಗದಿದ್ದರೆ ಅಲ್ಲಿಯೇ ಉಳಿದುಬಿಡುವುದು, ಆ ಬಗ್ಗೆ ರಸ್ತೆಯಲ್ಲಿ ಚರ್ಚೆ ಮಾಡದಿರುವುದು, ಇಬ್ಬರಲ್ಲಿ ಒಬ್ಬರು ಬೇಡ ಎಂದರೂ ಅದು ಇಬ್ಬರ ನಿರ್ಧಾರವಾಗುವುದು. ಈ ಒಪ್ಪಂದವನ್ನು ನೀವೂ ಮಾಡಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ದಣಿದವರು ಜೊತೆಗಾರರ ಮುಖ ನೋಡಿ ‘ಆಗುತ್ತದೆ, ಹೋಗೋಣ’ ಎಂದುಬಿಡುತ್ತಾರೆ. ಗಟ್ಟಿಯಿರುವವರು ಆ ಮಾತನ್ನು ನಂಬಿಬಿಡುತ್ತಾರೆ. ಸೂರ್ಯ ಮುಳುಗಿದ ಮೇಲೆ ಆ ರಸ್ತೆಯಲ್ಲಿ ಒಂಟೆ, ದನ, ನೀಲಗಾಯಿ ಅಡ್ಡ ಬರುತ್ತವೆ, ಮೊಬೈಲ್ ಸಿಗ್ನಲ್ ಅನೇಕ ಕಡೆ ಇರುವುದಿಲ್ಲ, ಚಳಿ ಒಮ್ಮೆಲೇ ಏರುತ್ತದೆ.

ನೀರಿನ ಬಗ್ಗೆ: ರಾಮಗಢದಿಂದ ತನೋಟ್‌ಗೆ ಉಳಿದ ಸುಮಾರು 55 ಕಿಲೋಮೀಟರಿಗೆ ಚಳಿಗಾಲದಲ್ಲಿಯೂ ತಲಾ ನಾಲ್ಕು ಲೀಟರ್, ಮುಟ್ಟದೆ ಇಡಲು ಇಬ್ಬರಿಗೂ ಸೇರಿ ಎರಡು ಲೀಟರ್ ಎಂಬುದು ನಮ್ಮ ಲೆಕ್ಕವಾಗಿತ್ತು. ಒಣಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಆದ್ದರಿಂದ ಬೆವರುತ್ತಿದ್ದೇವೆ ಎಂಬ ಅರಿವೂ ಇರುವುದಿಲ್ಲ. ಸಂಜೆ ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆಗಳನ್ನು ನೋಡಿದಾಗಲೇ ಎಷ್ಟು ಹೋಗಿದೆ ಎಂದು ತಿಳಿಯುವುದು. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತಗ್ಗುವ ಅಪಾಯವಿರುವುದರಿಂದ ಓಆರ್‌ಎಸ್ ಪೊಟ್ಟಣಗಳನ್ನು ಒಯ್ದು, ಒಂದನ್ನು ಪೂರ್ತಿ ಒಂದು ಲೀಟರಿಗೆ ಕಲಸಿ, ನೀರಿನ ಜೊತೆ ಬದಲಿಸಿ ಬದಲಿಸಿ ಕುಡಿಯಿರಿ. ನೀರನ್ನು ಇಬ್ಬರ ಸೈಕಲ್ಲಿನಲ್ಲಿಯೂ ಹಂಚಿ ಇಡಬೇಕು. ಗಟ್ಟಿಯಿರುವವರೇ ಎಲ್ಲ ಭಾರವನ್ನೂ ಹೊರುತ್ತೇನೆಂದು ನೀರನ್ನು ಒಬ್ಬರ ಚೀಲದಲ್ಲಿ ತುಂಬಿದರೆ, ಇಬ್ಬರೂ ಬೇರೆಯಾದ ಗಳಿಗೆಯಲ್ಲಿ ಇನ್ನೊಬ್ಬರ ಬಳಿ ಏನೂ ಇರುವುದಿಲ್ಲ. ಇನ್ನೊಂದು ವಿಷಯ: ವರ್ಷಕ್ಕೆ 200 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಆ ನಾಡಿನಲ್ಲಿ ನೆಲದಾಳದ ನೀರು ಬಹಳ ಕಡೆ ಉಪ್ಪು. ಅದರ ಮೇಲಿರುವ ಜಿಪ್ಸಮ್ ಪದರ ಮಳೆಯ ಸಿಹಿನೀರನ್ನು ಕೆಳಗಿಳಿಯದಂತೆ ತಡೆಯುವ ಜಾಗಗಳನ್ನು ಗುರುತಿಸಿ ಅಲ್ಲಿಯ ಜನ ಬೇರಿ ಎಂಬ ಕಿರುಬಾವಿಗಳನ್ನು ತೋಡಿಕೊಂಡಿದ್ದಾರೆ. ತಲೆಮಾರುಗಳ ತಿಳಿವಳಿಕೆಯ ಫಲ ಅದು. ಅಂಥ ನೀರನ್ನು ಯಾರಾದರೂ ಕೊಟ್ಟರೆ ಕುಡಿಯಿರಿ. ಕೇಳದೆ ಮುಟ್ಟಬೇಡಿ, ಅದರಲ್ಲಿ ಕೈಕಾಲು ತೊಳೆಯಬೇಡಿ.

ರಾಮಗಢ ದಾಟಿದ ಮೇಲೆ ಮರಳು ನಿಜವಾಗಿ ಆರಂಭವಾಗುತ್ತದೆ. ರಸ್ತೆ ದಿಬ್ಬಗಳನ್ನು ಹತ್ತಿ ಇಳಿಯುತ್ತಾ ನೇರವಾಗಿ ಸಾಗುತ್ತದೆ, ರಣಾವು ಕಡೆಯಲ್ಲಿ ಗಾಳಿ ಹೊತ್ತು ತಂದ ಮರಳು ಡಾಂಬರಿನ ಮೇಲೆ ತೆಳ್ಳಗೆ ಹರಡಿರುತ್ತದೆ. ಅದರ ಮೇಲೆ ಬ್ರೇಕ್ ಹಾಕದೆ, ಹ್ಯಾಂಡಲ್ ತಿರುಗಿಸದೆ, ಹಗುರ ಗೇರಿನಲ್ಲಿ ಸಮವಾಗಿ ತುಳಿಯುತ್ತಾ ದಾಟಬೇಕು. ದಪ್ಪವಾಗಿದ್ದರೆ ಇಳಿದು ತಳ್ಳುವುದೇ ಲೇಸು. ಇಲ್ಲಿಯೇ ಜೊತೆಗಾರರ ನಿಜವಾದ ಉಪಯೋಗ ಗೊತ್ತಾಗುವುದು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಗಂಟೆಗೆ 13 ಕಿಲೋಮೀಟರಿನಲ್ಲಿ ಹೋಗುವವರಿಗೆ 20 ಕಿಲೋಮೀಟರಿನ ಎದುರುಗಾಳಿ ಸಿಕ್ಕರೆ ಮೈಗೆ ತಾಗುವ ತಡೆ ನಿಶ್ಚಲ ಗಾಳಿಯಲ್ಲಿದ್ದುದಕ್ಕಿಂತ ಆರು ಪಟ್ಟಿಗೂ ಹೆಚ್ಚು. ಮುಂದಿನವರ ಮರೆಯಲ್ಲಿ ತುಳಿಯುವವರಿಗೆ ಇದರಲ್ಲಿ ಗಣನೀಯ ಪಾಲು ತಪ್ಪುತ್ತದೆ. ಗಾಳಿ ಬಲದಿಂದ ಬರುತ್ತಿದ್ದುದರಿಂದ ನಮಗೆ ಮರೆ ಸಿಗುತ್ತಿದ್ದುದು ನೇರ ಹಿಂದೆ ಅಲ್ಲ, ಎಡಕ್ಕೆ ಓರೆಯಾಗಿ ಹಿಂದೆ. ಮುಂದಿನವನು ರಸ್ತೆಯ ನಡುವಿಗೆ ಸ್ವಲ್ಪ ಸರಿದು, ಹಿಂದಿನವನು ಎಡ ಅಂಚಿನಲ್ಲಿ, ಅವನ ಹಿಂದಿನ ಚಕ್ರದ ಪಕ್ಕಕ್ಕೆ ತನ್ನ ಮುಂದಿನ ಚಕ್ರ ಬರುವಂತೆ, ಆದರೆ ಒಂದು ತೋಳಿನಷ್ಟು ಅಂತರ ಬಿಟ್ಟು ತುಳಿಯಬೇಕು. ರಸ್ತೆ ಎರಡೂ ಕಡೆ ದೂರದವರೆಗೆ ಖಾಲಿ ಕಂಡಾಗ ಮಾತ್ರ ಇದು ಸರಿ. ಸೇನೆಯ ಟ್ರಕ್ ಕಂಡೊಡನೆ ಒಂದೇ ಸಾಲಿಗೆ ಬರಬೇಕು. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸಿಕೊಂಡೆವು.

ಬೆಳಿಗ್ಗೆ ಕಲ್ಲುನೆಲದ ಏರುಗಳಲ್ಲಿ ನನ್ನ ಗೆಳೆಯ ಹಿಂದೆ ಬೀಳುತ್ತಿದ್ದ. ನನಗಿಂತ ದೇಹದ ತೂಕ ಹೆಚ್ಚಿನವನು. ಮಧ್ಯಾಹ್ನ ಗಾಳಿ ಏರಿದ ಮೇಲೆ ಅವನ ಅಗಲವಾದ ಬೆನ್ನೂ ಬಲವಾದ ತೊಡೆಯೂ ನನ್ನನ್ನು ಎಳೆದೊಯ್ದವು. ಎರಡು ಸುತ್ತು ನನ್ನ ಸರದಿಯನ್ನೂ ಅವನೇ ಮಾಡಿದ. ಇಬ್ಬರ ವೇಗ ಒಂದೇ ಅಲ್ಲ ಎಂದು ನೀವು ಚಿಂತಿಸಿದ್ದೀರಲ್ಲ, ಯಾರು ನಿಧಾನ ಎಂಬುದು ಒಂದೇ ದಿನದಲ್ಲಿ ಹೀಗೆ ಅದಲುಬದಲಾಗುತ್ತದೆ. ಬೆಳಿಗ್ಗೆ ಕಾದವರಿಗೆ ಮಧ್ಯಾಹ್ನ ಕಾಯುವವರು ಸಿಗುತ್ತಾರೆ. ಮಾತು ಕಡಿಮೆಯಾದದ್ದನ್ನು, ತಿನ್ನಲು ಕೊಟ್ಟದ್ದನ್ನು ಬೇಡವೆಂದದ್ದನ್ನು ಗಮನಿಸುತ್ತಿರಿ. ದಣಿವಿನ ಈ ಗುರುತುಗಳು ವೇಗ ಇಳಿಯುವುದಕ್ಕಿಂತ ಮೊದಲೇ ಕಾಣಿಸುತ್ತವೆ.

ತನೋಟ್‌ನಲ್ಲಿ ದೇವಸ್ಥಾನವನ್ನು ಗಡಿ ಭದ್ರತಾ ಪಡೆಯೇ ನೋಡಿಕೊಳ್ಳುತ್ತದೆ, ಸಂಜೆಯ ಆರತಿಯನ್ನು ಜವಾನರೇ ಮಾಡುತ್ತಾರೆ. 1965ರ ಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ ಶೆಲ್‌ಗಳನ್ನು ಅಲ್ಲಿ ಇರಿಸಿದ್ದಾರೆ. ತಂಗಲು ಜಾಗವಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಿ, ಗುರುತಿನ ಚೀಟಿಯ ಮೂಲಪ್ರತಿ ಕೈಯಲ್ಲಿರಲಿ, ಸೇನೆಯ ನೆಲೆಗಳ ಫೋಟೋ ತೆಗೆಯಬೇಡಿ. ಅಲ್ಲಿಂದ ಮುಂದೆ ಗಡಿಯ ಕಡೆಗೆ ಹೋಗಲು ಅನುಮತಿ ಬೇಕು. ಮರುದಿನ ಅದೇ ದಾರಿಯಲ್ಲಿ ಹಿಂದಿರುಗುವ ಬದಲು ಲೋಂಗೆವಾಲಾ ಮೂಲಕ ರಾಮಗಢಕ್ಕೆ ಬರಬಹುದು. 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರ ತುಕಡಿ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದು ನಿಂತದ್ದು ಅಲ್ಲಿಯೇ. ಆ ದಾರಿ ಸುಮಾರು 80 ಕಿಲೋಮೀಟರ್, ದಿಬ್ಬಗಳು ರಸ್ತೆಗೆ ಇನ್ನೂ ಹತ್ತಿರ, ನೀರು ಸಿಗುವ ಜಾಗಗಳು ಇನ್ನೂ ಕಡಿಮೆ. ಆದ್ದರಿಂದ ತನೋಟ್‌ನಿಂದ ಹೊರಡುವಾಗ ಬಾಟಲಿಗಳೆಲ್ಲ ತುಂಬಿರಲಿ, ಮತ್ತು ಹಿಂದಿನ ದಿನ ಯಾರು ಹೆಚ್ಚು ದಣಿದಿದ್ದರೋ ಅವರೇ ಆ ದಾರಿಯನ್ನು ಹಿಡಿಯಬೇಕೇ ಬೇಡವೇ ಎಂದು ಹೇಳಲಿ.